ತುಟಿ ಮೇಲೆ ಮತ್ತೆ ಮತ್ತೆ ಗುಳ್ಳೆ, ಜೊತೆಗೆ ಒಡೆದ ತುಟಿ: ಏನು ಮಾಡ್ಬೇಕು?

ತಂಗಾಳಿ

ಎಲ್ಲರಿಗೂ ನಮಸ್ಕಾರ. ನನಗಿರುವ ಎರಡು ತೊಂದರೆ ಒಂದೇನಾ, ಬೇರೆ ಬೇರೆಯಾ ಅಂತಲೇ ಗೊತ್ತಾಗುತ್ತಿಲ್ಲ.

ವರ್ಷದಲ್ಲಿ ಕೆಲವು ಸಲ ಕೆಳತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಹೆಚ್ಚುಕಮ್ಮಿ ಅದೇ ಜಾಗ. ಒಡೆದು, ನೀರು ಸೋರಿ, ಹಳದಿ ಹಕ್ಕಳೆ ಕಟ್ಟಿ, ನಕ್ಕರೆ ಆ ಹಕ್ಕಳೆ ಬಿರಿದು ರಕ್ತ ಬರುತ್ತದೆ. ಇದಲ್ಲದೆ ಗುಳ್ಳೆ ಇಲ್ಲದ ದಿನಗಳಲ್ಲೂ ತುಟಿ ಒಣಗಿ ಸಿಪ್ಪೆ ಏಳುತ್ತಲೇ ಇರುತ್ತದೆ. ಲಿಪ್ ಬಾಮ್ ಹಚ್ಚಿದ್ದೇ ಹಚ್ಚಿದ್ದು, ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿತ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಸಿರೆಲೆ

ವಿಟಮಿನ್ ಕೊರತೆ ಇರಬೇಕು. ಬಿ ಕಾಂಪ್ಲೆಕ್ಸ್ ಮಾತ್ರೆ ಶುರು ಮಾಡಿ, ಎರಡೂ ಹೋಗುತ್ತೆ.

ಔಷಧಿಪೆಟ್ಟಿಗೆ

ಹಸಿರೆಲೆ ಅವರೇ, ಇದಕ್ಕೆ ಬಿ ಕಾಂಪ್ಲೆಕ್ಸ್ ಕೆಲಸ ಮಾಡುವುದಿಲ್ಲ. ನಾನು ಫಾರ್ಮಸಿಸ್ಟ್. ಕೌಂಟರ್ ಮುಂದೆ ನಿಂತು ಕೈ ಅಡ್ಡ ಹಿಡಿದು ತುಟಿ ತೋರಿಸುವವರನ್ನು ದಿನಾ ನೋಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತಂಗಾಳಿ ಅವರೇ, ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. ಗುಂಪಾಗಿ ನೀರುಗುಳ್ಳೆ, ಅದೂ ಅದೇ ಜಾಗದಲ್ಲಿ, ಆಮೇಲೆ ಹಕ್ಕಳೆ: ಇದು ಕೋಲ್ಡ್ ಸೋರ್. ಜ್ವರದ ಗುಳ್ಳೆ ಅಂತಲೂ ಹೇಳುತ್ತಾರೆ. ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಅನ್ನುವ ವೈರಸ್, ಬಹುಪಾಲು ಅದರ ಟೈಪ್ 1. ಒಣಗಿ ಸಿಪ್ಪೆ ಏಳುವುದಕ್ಕೂ ಈ ವೈರಸ್‌ಗೂ ಸಂಬಂಧ ಇಲ್ಲ. ಆದರೆ ಬಿರುಕು ಬಿಟ್ಟ, ಗಾಯವಾದ ತುಟಿ ಗುಳ್ಳೆಯನ್ನು ಕೆರಳಿಸಬಹುದು. ಅದಕ್ಕೇ ಎರಡನ್ನೂ ನೋಡಿಕೊಳ್ಳಬೇಕು.

ಈ ವೈರಸ್ ಒಮ್ಮೆ ಒಳಗೆ ಸೇರಿದರೆ ಹೊರಗೆ ಹೋಗುವುದಿಲ್ಲ. ಗುಳ್ಳೆ ಮಾಯುತ್ತದೆ, ವೈರಸ್ ಮಾತ್ರ ನರದ ಗುಂಟ ಹಿಂದಕ್ಕೆ ಹೋಗಿ ಕಿವಿಯ ಹತ್ತಿರ, ತಲೆಬುರುಡೆಯ ಒಳಗಿರುವ ಒಂದು ನರಗಂಟಿನಲ್ಲಿ ಸುಮ್ಮನೆ ಕೂತಿರುತ್ತದೆ. ಮುಖದ ಸ್ಪರ್ಶ ತಿಳಿಸುವ ನರ ಅದು. ಜ್ವರ, ನೆಗಡಿ, ಚುರುಗುಟ್ಟುವ ಬಿಸಿಲು, ನಿದ್ದೆಗೆಡುವುದು, ಮನಸ್ಸಿನ ಒತ್ತಡ, ಮುಟ್ಟಿನ ದಿನಗಳು, ಹಲ್ಲಿನ ಚಿಕಿತ್ಸೆಯಲ್ಲಿ ತುಟಿ ಎಳೆದಾಡಿದ್ದು, ಹೀಗೆ ಏನಾದರೂ ನೆಪ ಸಿಕ್ಕಿದರೆ ಅದೇ ನರದಲ್ಲಿ ಇಳಿದು ತುಟಿಗೆ ಬರುತ್ತದೆ. ದಾರಿ ಬದಲಾಗುವುದಿಲ್ಲ, ಅದಕ್ಕೇ ಜಾಗವೂ ಬದಲಾಗುವುದಿಲ್ಲ.

ಈಗ ಮುಖ್ಯ ವಿಷಯ. ಗುಳ್ಳೆ ಕಾಣುವ ಮೊದಲು, ಕೆಲವು ಗಂಟೆ ಅಥವಾ ಒಂದು ದಿನ ಮುಂಚೆ, ಆ ಜಾಗದಲ್ಲಿ ಜುಮ್ಮೆನ್ನುತ್ತದೆ. ನವೆ, ಸಣ್ಣ ಉರಿ, ಮುಟ್ಟಿದರೆ ಚರ್ಮ ದಪ್ಪಗಾದ ಹಾಗೆ ಅನಿಸುತ್ತದೆ. ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಔಷಧಿ ಹಚ್ಚಬೇಕಾದ ಹೊತ್ತು ಅದೇ. ಅಸೈಕ್ಲೋವಿರ್ ಶೇ 5ರ ಕ್ರೀಮ್ ಅನ್ನು ದಿನಕ್ಕೆ 5 ಸಲ, ಎಚ್ಚರ ಇರುವಾಗ ಸುಮಾರು ನಾಲ್ಕು ಗಂಟೆಗೊಮ್ಮೆ, 4ರಿಂದ 5 ದಿನ ಹಚ್ಚಬೇಕು. ಉಜ್ಜಬಾರದು, ಮೆಲ್ಲಗೆ ತಟ್ಟಬೇಕು. ವೈರಸ್ ತನ್ನ ನಕಲುಗಳನ್ನು ಮಾಡಿಕೊಳ್ಳುವುದನ್ನು ಈ ಔಷಧಿ ತಡೆಯುತ್ತದೆ. ವೈರಸ್ ಭರದಿಂದ ಹೆಚ್ಚುವುದು ಮೊದಲ ಒಂದೆರಡು ದಿನಗಳಲ್ಲೇ. ಹಕ್ಕಳೆ ಕಟ್ಟಿದ ಮೇಲೆ ಉಳಿದಿರುವುದು ಗಾಯ ಮಾಯುವ ಕೆಲಸ, ಆಗ ಟ್ಯೂಬ್ ಪೂರ್ತಿ ಖಾಲಿ ಮಾಡಿದರೂ ಹೆಚ್ಚಿನ ಪ್ರಯೋಜನ ಇಲ್ಲ.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹಕ್ಕಳೆ ಕಟ್ಟಿದ ಮೇಲೇ ಬರುತ್ತಾರೆ. ಅದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಹೀಗೆ ಮತ್ತೆ ಮತ್ತೆ ಬರುವವರು ಟ್ಯೂಬ್ ಅನ್ನು ಮುಂಚೆಯೇ ತಂದಿಟ್ಟುಕೊಂಡಿರಬೇಕು. ಒಂದು ಬ್ಯಾಗಿನಲ್ಲಿ, ಒಂದು ಹಾಸಿಗೆ ಪಕ್ಕದಲ್ಲಿ. ರಾತ್ರಿ ಹನ್ನೊಂದಕ್ಕೆ ಜುಮ್ಮೆಂದರೆ ಬೆಳಗ್ಗೆ ಅಂಗಡಿ ತೆರೆಯುವವರೆಗೆ ಕಾಯುವ ಹಾಗಾಗಬಾರದು.

ತಂಗಾಳಿ

ಆ ಜುಮ್ಮೆನ್ನುವುದು ನನಗೂ ಆಗುತ್ತೆ! ತುಟಿಯ ಅಂಚಿನಲ್ಲಿ ಒಂದು ಸಣ್ಣ ಕೂದಲು ಅಂಟಿಕೊಂಡ ಹಾಗೆ, ಒರೆಸಿದರೂ ಹೋಗದ ಹಾಗೆ. ಒಣಗಿದ್ದಕ್ಕೆ ಇರಬೇಕು ಅಂತ ಲಿಪ್ ಬಾಮ್ ಹಚ್ಚುತ್ತಿದ್ದೆ. ಕ್ರೀಮ್ ಹಚ್ಚಿದರೆ ಎಷ್ಟು ಬೇಗ ವಾಸಿಯಾಗುತ್ತದೆ ಸರ್?

ಔಷಧಿಪೆಟ್ಟಿಗೆ

ಹೆಚ್ಚು ಆಸೆ ತೋರಿಸುವುದಿಲ್ಲ. ಏನೂ ಹಚ್ಚದಿದ್ದರೂ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ, ಕೆಲವರಿಗೆ ಎರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಬೇಗ ಹಚ್ಚಿದರೆ ಕ್ರೀಮಿನಿಂದ ಅರ್ಧ ದಿನದಿಂದ ಒಂದು ದಿನ ಕಮ್ಮಿಯಾಗಬಹುದು, ನೋವೂ ಸ್ವಲ್ಪ ತಗ್ಗುತ್ತದೆ.

ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಮಾತ್ರೆ. ಜುಮ್ಮೆಂದ ತಕ್ಷಣ ವ್ಯಾಲಸೈಕ್ಲೋವಿರ್ 2 ಗ್ರಾಂ, 12 ಗಂಟೆ ಬಿಟ್ಟು ಇನ್ನೊಮ್ಮೆ 2 ಗ್ರಾಂ, ಅಷ್ಟಕ್ಕೇ ಮುಗಿಯಿತು. ಫ್ಯಾಮ್‌ಸೈಕ್ಲೋವಿರ್ ಆದರೆ 1500 ಮಿಲಿಗ್ರಾಂ ಒಂದೇ ಸಲ. ಇವು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳುವ ಮಾತ್ರೆಗಳು. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಬದಲಾಯಿಸಬೇಕಾಗುತ್ತದೆ, ಬಸುರಿಯರು ಮೊದಲೇ ಹೇಳಬೇಕು. ನಿಮಗೆ ಪದೇ ಪದೇ ಬರುತ್ತಿದ್ದರೆ ಗುಳ್ಳೆ ಇಲ್ಲದ ದಿನವೇ ಡಾಕ್ಟರ್ ಹತ್ತಿರ ಹೋಗಿ ಮಾತಾಡಿ, ಮಾತ್ರೆ ಮನೆಯಲ್ಲೇ ಇರುವ ಹಾಗೆ ನೋಡಿಕೊಳ್ಳಿ. ವರ್ಷಕ್ಕೆ ಆರಕ್ಕೂ ಹೆಚ್ಚು ಸಲ ಬರುವವರಿಗೆ ದಿನಾ ಒಂದು ಸಣ್ಣ ಪ್ರಮಾಣದಲ್ಲಿ ಕೆಲವು ತಿಂಗಳು ಕೊಡುವುದೂ ಉಂಟು.

ಅಸೈಕ್ಲೋವಿರ್ ಬರುವ ಮೊದಲು ಈ ವೈರಸ್‌ಗೆ ಸುರಕ್ಷಿತವಾಗಿ ಕೊಡಬಹುದಾದ ಒಳ್ಳೆಯ ಔಷಧಿಯೇ ಇರಲಿಲ್ಲ. ಗರ್ಟ್ರೂಡ್ ಎಲಿಯನ್ ಅವರ ತಂಡದ ಕೆಲಸ ಅದು. 1988ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ವೈರಸ್ ಹೊಕ್ಕ ಜೀವಕೋಶದಲ್ಲಿ ವೈರಸ್‌ನದೇ ಕಿಣ್ವ ಈ ಔಷಧಿಯನ್ನು ಎಬ್ಬಿಸುತ್ತದೆ, ಸೋಂಕಿಲ್ಲದ ಜೀವಕೋಶದಲ್ಲಿ ಅದು ಬಹುಮಟ್ಟಿಗೆ ತೆಪ್ಪಗಿರುತ್ತದೆ. ಅಷ್ಟು ಚಂದದ ಯೋಚನೆ.

ಮುಂಜಾವು

ನನಗೆ ಬಿಸಿಲೇ ಶತ್ರು. ಹೊರಗಡೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡಿದರೆ ಎರಡು ಮೂರು ದಿನಕ್ಕೆ ಗುಳ್ಳೆ ಗ್ಯಾರಂಟಿ. ಚರ್ಮದ ಡಾಕ್ಟರ್ ಹೇಳಿದ ಮೇಲೆ ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ಹಚ್ಚಲು ಶುರು ಮಾಡಿದೆ. ಬರುವುದು ತುಂಬಾ ಕಮ್ಮಿಯಾಗಿದೆ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚುವವರೂ ತುಟಿಯನ್ನು ಬಿಟ್ಟುಬಿಡುತ್ತಾರೆ. ಒಂದು ಮಾತು: ಬೆಳಗ್ಗೆ ಒಂದು ಸಲ ಹಚ್ಚಿ ಸಂಜೆವರೆಗೆ ಇರುತ್ತೆ ಅಂದುಕೊಳ್ಳಬೇಡಿ. ತಿಂದಾಗ, ಕುಡಿದಾಗ, ಒರೆಸಿದಾಗ ಹೋಗುತ್ತೆ. ಎರಡು ಗಂಟೆಗೊಮ್ಮೆ ಹಚ್ಚಬೇಕು. ಅಗಲ ಅಂಚಿನ ಟೋಪಿ ಇದ್ದರೆ ಇನ್ನೂ ಒಳ್ಳೆಯದು.

ನೀಲಿಕೊಡೆ

ಹರ್ಪಿಸ್ ಅಂದಿದ್ದು ಓದಿ ಗಾಬರಿ ಆಯ್ತು. ನನಗೂ ಚಿಕ್ಕಂದಿನಿಂದ ಇದೇ ಗುಳ್ಳೆ ಬರುತ್ತದೆ. ಇದು ಲೈಂಗಿಕ ರೋಗ ಅಲ್ವಾ? ನನ್ನ ಗಂಡನಿಗೆ ಏನಂತ ಹೇಳಲಿ?

ಔಷಧಿಪೆಟ್ಟಿಗೆ

ನೀಲಿಕೊಡೆ ಅವರೇ, ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಟೈಪ್ 1 ವೈರಸ್ ಇದೆ. ಅಂದರೆ ಆ ವಯಸ್ಸಿನ ಮೂವರಲ್ಲಿ ಹೆಚ್ಚುಕಮ್ಮಿ ಇಬ್ಬರು. ಬಹಳಷ್ಟು ಜನರಿಗೆ ಚಿಕ್ಕ ವಯಸ್ಸಿನಲ್ಲೇ, ಮನೆಯ ಯಾರೋ ಪ್ರೀತಿಯಿಂದ ಮುತ್ತು ಕೊಟ್ಟಾಗ ಬಂದಿರುತ್ತದೆ. ಅರ್ಧಕ್ಕರ್ಧ ಜನಕ್ಕೆ ತಮಗಿದೆ ಅಂತಲೇ ಗೊತ್ತಿರುವುದಿಲ್ಲ, ಏಕೆಂದರೆ ಗುಳ್ಳೆಯೇ ಏಳುವುದಿಲ್ಲ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಚಿಕ್ಕಂದಿನಿಂದ ಇದೆ ಅಂದರೆ ಯಾರ ನಡತೆಯ ಪ್ರಶ್ನೆಯೂ ಬರುವುದಿಲ್ಲ.

ಆದರೆ ಯಜಮಾನರಿಗೆ ಒಂದು ವಿಷಯ ಬಿಚ್ಚಿ ಹೇಳಿ. ಜುಮ್ಮೆಂದ ಹೊತ್ತಿನಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ ಮುತ್ತು ಬೇಡ, ಬಾಯಿಂದ ಮಾಡುವ ಲೈಂಗಿಕ ಕ್ರಿಯೆಯೂ ಬೇಡ. ತುಟಿಯ ಈ ವೈರಸ್ ಜನನಾಂಗಕ್ಕೂ ಹರಡುತ್ತದೆ. ಗುಳ್ಳೆ ಇಲ್ಲದಾಗಲೂ ಒಮ್ಮೊಮ್ಮೆ ವೈರಸ್ ಹೊರಬರುವುದುಂಟು, ಆದರೆ ನೀರು ಸೋರುವ ದಿನಗಳಲ್ಲಿ ಅದು ಅತಿ ಹೆಚ್ಚು.

ಪುಟ್ಟಿ_ಅಮ್ಮ

ನನಗೆ ಎರಡು ವಾರದ ಮಗು ಇದೆ. ಇವತ್ತು ಬೆಳಗ್ಗೆ ತುಟಿ ಮೇಲೆ ಗುಳ್ಳೆ ಕಂಡಿತು. ಎದೆಹಾಲು ಕೊಡಬಹುದಾ? ದಯವಿಟ್ಟು ಬೇಗ ಹೇಳಿ.

ಔಷಧಿಪೆಟ್ಟಿಗೆ

ಪುಟ್ಟಿ ಅಮ್ಮ, ಹಾಲು ಕೊಡಬಹುದು. ಎದೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಸಾಕು. ಹಾಲಿನಿಂದ ಇದು ಬರುವುದಿಲ್ಲ. ಮುತ್ತು ಮಾತ್ರ ಬೇಡವೇ ಬೇಡ. ಹಣೆಗೂ ಬೇಡ, ಪುಟ್ಟ ಕೈಗೂ ಬೇಡ. ಮಗುವನ್ನು ಎತ್ತಿಕೊಳ್ಳುವ ಮೊದಲು ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಯಿರಿ. ಗುಳ್ಳೆಯನ್ನು ಮಾಸ್ಕ್ ಅಥವಾ ಸಣ್ಣ ಪ್ಯಾಚ್‌ನಿಂದ ಮುಚ್ಚಿಡಿ. ಮನೆಗೆ ಬರುವವರಿಗೂ ಇದೇ ನಿಯಮ, ಎಷ್ಟೇ ಹತ್ತಿರದವರಾದರೂ ಸರಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಮೊದಲ ಕೆಲವು ವಾರಗಳಲ್ಲಿ ಕೂಸಿಗೆ ಈ ವೈರಸ್ ತಗುಲಿದರೆ ಮಿದುಳು, ಯಕೃತ್ತಿನವರೆಗೆ ಹರಡಬಹುದು, ಜೀವಕ್ಕೇ ಅಪಾಯ. ಇವತ್ತೇ ಮಗುವಿನ ಡಾಕ್ಟರಿಗೆ ಒಂದು ಫೋನ್ ಮಾಡಿ ವಿಷಯ ತಿಳಿಸಿಡಿ. ಮಗು ಹಾಲು ಕುಡಿಯಲು ಒಲ್ಲೆ ಅಂದರೆ, ಎಬ್ಬಿಸಿದರೂ ಮಂಕಾಗಿ ಬಿದ್ದಿದ್ದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಎಲ್ಲಾದರೂ ನೀರುಗುಳ್ಳೆ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. "ನನಗೆ ತುಟಿ ಗುಳ್ಳೆ ಇತ್ತು" ಅಂತ ಅಲ್ಲಿ ಮೊದಲ ಮಾತಿನಲ್ಲೇ ಹೇಳಿ.

ಪುಟ್ಟಿ_ಅಮ್ಮ

ತುಂಬಾ ಧನ್ಯವಾದ ಅಣ್ಣ. ಫೋನ್ ಮಾಡಿದೆ. ನೀವು ಹೇಳಿದ್ದನ್ನೇ ಹೇಳಿದರು. ಮಾಸ್ಕ್ ಹಾಕಿಕೊಂಡೇ ಹಾಲು ಕೊಡುತ್ತಿದ್ದೇನೆ.

ಸಂಜೆಮಲ್ಲಿಗೆ

ತಂಗಾಳಿ ಅವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಒಣ ತುಟಿಯ ಬಗ್ಗೆ ನಾನು ಹೇಳುತ್ತೇನೆ. ನಾನು ಚರ್ಮದ ಕ್ಲಿನಿಕ್ ಒಂದರಲ್ಲಿ ನರ್ಸ್. ಇದಕ್ಕಾಗಿ ಬರುವವರಲ್ಲಿ ಎಷ್ಟೋ ಜನಕ್ಕೆ ನಾವು ಹೊಸದಾಗಿ ಏನನ್ನೂ ಕೊಡುವುದಿಲ್ಲ, ಹಚ್ಚುತ್ತಿರುವುದನ್ನು ನಿಲ್ಲಿಸುತ್ತೇವೆ, ಅಷ್ಟೇ.

ತುಟಿಯ ಹೊರಪದರ ಮೈಯ ಉಳಿದ ಚರ್ಮಕ್ಕಿಂತ ತುಂಬಾ ತೆಳು. ಬೆವರು ಗ್ರಂಥಿ ಇಲ್ಲ, ಎಣ್ಣೆ ಗ್ರಂಥಿಯೂ ಇಲ್ಲವೆನ್ನುವಷ್ಟು ಕಮ್ಮಿ. ಹಾಗಾಗಿ ಒಳಗಿನ ನೀರು ಬೇಗ ಆರಿಹೋಗುತ್ತದೆ. ಒಣಗಿತು ಅಂತ ನಾಲಿಗೆಯಿಂದ ಸವರಿಕೊಳ್ಳುತ್ತೇವೆ. ಒದ್ದೆ ಬಟ್ಟೆ ಗಾಳಿಗೆ ಆರುವ ಹಾಗೆ ಆ ಎಂಜಲು ಆರುತ್ತದೆ, ಆರುವಾಗ ತುಟಿಯ ತೇವವನ್ನೂ ಕರೆದುಕೊಂಡು ಹೋಗುತ್ತದೆ. ಊಟ ಜೀರ್ಣಿಸುವ ಕಿಣ್ವಗಳು ಎಂಜಲಲ್ಲಿ ಇರುತ್ತವೆ, ಅವೂ ತುಟಿಯನ್ನು ಕೆರಳಿಸುತ್ತವೆ. ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ: ನಾಲಿಗೆ ಎಲ್ಲಿವರೆಗೆ ಎಟುಕುತ್ತದೋ ಅಲ್ಲಿವರೆಗೆ ಬಾಯಿ ಸುತ್ತ ಕೆಂಪು ಬಳೆ.

ಇನ್ನು ನಿಮ್ಮ ಲಿಪ್ ಬಾಮ್. ಅದರ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಮೆಂಥಾಲ್, ಕರ್ಪೂರ, ಪುದೀನ, ದಾಲ್ಚಿನ್ನಿ, ನಿಂಬೆ ಜಾತಿಯ ಪರಿಮಳ, ಫೀನಾಲ್, ಸ್ಯಾಲಿಸಿಲಿಕ್ ಆ್ಯಸಿಡ್, ಇವುಗಳಲ್ಲಿ ಯಾವುದಾದರೂ ಇದ್ದರೆ ಬಿಟ್ಟುಬಿಡಿ. ಹಚ್ಚಿದಾಗ ತಂಪಾಗಿ ಚುಮುಚುಮು ಅನ್ನುವುದನ್ನು ಜನ "ಕೆಲಸ ಮಾಡುತ್ತಿದೆ" ಅಂದುಕೊಳ್ಳುತ್ತಾರೆ. ಅದು ತುಟಿ ಕೆರಳುತ್ತಿರುವ ಲಕ್ಷಣ. ಕೆರಳಿದ ತುಟಿ ಇನ್ನೂ ಒಣಗುತ್ತದೆ, ಮತ್ತೆ ಹಚ್ಚುತ್ತೀರಿ, ಮತ್ತೆ ಒಣಗುತ್ತದೆ. ಸಿಹಿ ರುಚಿಯ ಬಾಮ್ ಆದರೆ ಅದನ್ನು ನೆಕ್ಕುವುದೂ ಜಾಸ್ತಿ.

ಹಚ್ಚಬೇಕಾದ್ದು ಬಿಳಿ ಪೆಟ್ರೋಲಿಯಂ ಜೆಲ್ಲಿ. ಬಣ್ಣ, ಪರಿಮಳ, ರುಚಿ ಯಾವುದೂ ಇಲ್ಲದ್ದು. 1872ರಲ್ಲಿ ರಾಬರ್ಟ್ ಚೆಸ್‌ಬ್ರೋ ವ್ಯಾಸಲೀನ್‌ಗೆ ಪೇಟೆಂಟ್ ಪಡೆದರು. ಅಷ್ಟು ಹಳೆಯದಾದರೂ ನೀರು ಆರಿಹೋಗದಂತೆ ತಡೆಯುವುದರಲ್ಲಿ ಇದನ್ನು ಮೀರಿಸುವಂಥದ್ದು ಕಮ್ಮಿ. ಸೆರಮೈಡ್, ಡೈಮೆಥಿಕೋನ್, ಶಿಯಾ ಬೆಣ್ಣೆ ಇರುವ ಬಾಮ್ ಕೂಡ ಆಗುತ್ತದೆ. ರಾತ್ರಿ ಮಲಗುವ ಮುಂಚೆ ತುಟಿಯನ್ನು ನೀರಿನಿಂದ ಸ್ವಲ್ಪ ಒದ್ದೆ ಮಾಡಿ, ಒತ್ತಿ ಒರೆಸಿ, ಪಸೆ ಇರುವಾಗಲೇ ದಪ್ಪಗೆ ಹಚ್ಚಿ. ಮೂಗು ಕಟ್ಟಿ ಬಾಯಿಂದ ಉಸಿರಾಡುವವರಿಗೆ ಇದು ಇನ್ನೂ ಮುಖ್ಯ, ರಾತ್ರಿಯೆಲ್ಲ ಗಾಳಿ ತುಟಿ ಮೇಲೇ ಓಡಾಡುತ್ತಿರುತ್ತದೆ.

ಸಿಪ್ಪೆ ಕೀಳಬೇಡಿ. ಸಕ್ಕರೆ ಹಾಕಿ ಉಜ್ಜಬೇಡಿ, ಬ್ರಷ್ ಹಾಕಬೇಡಿ. ಸಿಪ್ಪೆಯ ಕೆಳಗಿನ ಚರ್ಮ ಇನ್ನೂ ಬಲಿತಿರುವುದಿಲ್ಲ. ಎಳೆದರೆ ಹಸಿ ಚರ್ಮವೂ ಜೊತೆಗೆ ಬರುತ್ತದೆ. ಅಡ್ಡಿಯಾಗುವ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಸಾಕು. ಇಷ್ಟೆಲ್ಲ ಮಾಡಿದರೂ ಎರಡು ಮೂರು ವಾರದಲ್ಲಿ ಸರಿ ಹೋಗದಿದ್ದರೆ ಟೂತ್‌ಪೇಸ್ಟ್, ಲಿಪ್‌ಸ್ಟಿಕ್‌ಗಳ ಅಲರ್ಜಿ ಇರಬಹುದು, ಡಾಕ್ಟರಿಗೆ ತೋರಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರಿಗೆ ತುಟಿ ಒಣಗುವುದು ಸಾಮಾನ್ಯ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಜೆಲ್ಲಿ ಜಾಸ್ತಿ ಹಚ್ಚಿ.

ತಂಗಾಳಿ

ಈಗಷ್ಟೇ ನನ್ನ ಬಾಮ್ ತಿರುಗಿಸಿ ನೋಡಿದೆ ಅಕ್ಕ. ಮೆಂಥಾಲ್, ಕರ್ಪೂರ ಎರಡೂ ಇವೆ!

ಸಂಜೆಮಲ್ಲಿಗೆ

ಅದನ್ನು ಪಕ್ಕಕ್ಕಿಡಿ. ಮೊದಲ ಕೆಲವು ದಿನ ತುಟಿ ಇನ್ನೂ ಒಣಗಿದ ಹಾಗೆ ಅನಿಸಬಹುದು. ತಡೆದುಕೊಳ್ಳಿ.

ಗಡಿಯಾರ

ನನಗಾದದ್ದು ಹೇಳುತ್ತೇನೆ, ಬೇರೆಯವರಿಗೆ ಆಗಬಾರದು ಅಂತ. ಗುಳ್ಳೆ ತೋರಿಸಿದಾಗ ಒಂದು ಅಂಗಡಿಯಲ್ಲಿ ಯಾವುದೋ "ಎಲ್ಲದಕ್ಕೂ ಆಗುವ" ಕ್ರೀಮ್ ಕೊಟ್ಟರು. ಹಚ್ಚಿದ ಮೊದಲ ದಿನ ಕೆಂಪು ಇಳಿಯಿತು. ಆಮೇಲೆ ಗುಳ್ಳೆ ಗಲ್ಲದವರೆಗೆ ಹರಡಿತು. ಡಾಕ್ಟರ್ ಟ್ಯೂಬ್ ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ ಅಂದರು.

ಔಷಧಿಪೆಟ್ಟಿಗೆ

ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಥರದ ಸ್ಟೀರಾಯ್ಡ್ ಇರುವ ಮಿಶ್ರಣದ ಕ್ರೀಮನ್ನು ಈ ಗುಳ್ಳೆಗೆ ಹಚ್ಚಬಾರದು. ಆ ಜಾಗದ ರೋಗ ತಡೆಯುವ ಶಕ್ತಿಯನ್ನೇ ಅದು ತಗ್ಗಿಸುತ್ತದೆ, ವೈರಸ್‌ಗೆ ಎದುರು ಇಲ್ಲದಂತಾಗುತ್ತದೆ. ಕೆಂಪು ಇಳಿದದ್ದು ವಾಸಿಯಾದ ಲಕ್ಷಣ ಅಲ್ಲ. ಆ್ಯಂಟಿಬಯಾಟಿಕ್ ಕ್ರೀಮ್ ಕೂಡ ವೈರಸ್‌ಗೆ ಏನೂ ಮಾಡುವುದಿಲ್ಲ. ಹಕ್ಕಳೆ ಸುತ್ತ ಕೀವು ತುಂಬಿ, ಊದಿಕೊಂಡು, ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂತ ಡಾಕ್ಟರ್ ಹೇಳಿದರೆ ಮಾತ್ರ ಅದು ಬೇಕಾಗುತ್ತದೆ. ಟೂತ್‌ಪೇಸ್ಟ್, ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ಹಚ್ಚುವವರೂ ಇದ್ದಾರೆ. ಅದು ಚರ್ಮ ಸುಡುತ್ತದೆ, ಅಷ್ಟೇ.

ನೋವಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು ಇಡಿ, ಬೇಕಾದರೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಹಕ್ಕಳೆ ಬಿರಿಯದಂತೆ ಜೆಲ್ಲಿ ಹಚ್ಚಬಹುದು. ಮುಟ್ಟಿದ ಕೈ ತೊಳೆಯದೆ ಕಣ್ಣು ಉಜ್ಜಿಕೊಳ್ಳಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ದುಪ್ಪಟ್ಟು ಜಾಗ್ರತೆ ವಹಿಸಬೇಕು. ಈ ವೈರಸ್ ಕಣ್ಣಿಗೆ ಹೋದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹುಣ್ಣಾಗಿ ದೃಷ್ಟಿಗೇ ಕುತ್ತು. ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು ಕಂಡರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಎಕ್ಸಿಮಾ ಇರುವವರಿಗೆ, ಕ್ಯಾನ್ಸರ್ ಚಿಕಿತ್ಸೆ ಅಥವಾ ಬೇರೆ ಕಾರಣಕ್ಕೆ ರೋಗನಿರೋಧಕ ಶಕ್ತಿ ತಗ್ಗಿದವರಿಗೂ ಇದು ಬೇಗ ಹರಡುತ್ತದೆ. ಅವರು ಕ್ರೀಮ್ ಹಚ್ಚಿಕೊಂಡು ಕಾಯುತ್ತಾ ಕೂರಬಾರದು.

ಹಸಿರೆಲೆ

ತಿಳಿಸಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ನಮ್ಮ ತಂದೆಗೆ ಬಾಯಿಯ ಎರಡೂ ಮೂಲೆ ಒಡೆದು ಬಾಯಿ ತೆರೆಯಲು ಆಗುತ್ತಿರಲಿಲ್ಲ, ಅದೇನು? ಅವರಿಗೆ ಬಿ ಕಾಂಪ್ಲೆಕ್ಸ್ ಕೊಟ್ಟಿದ್ದರು.

ಸಂಜೆಮಲ್ಲಿಗೆ

ಅದು ಕಟಬಾಯಿ ಹುಣ್ಣು, ಮೂರನೇ ಥರದ್ದು. ಬಾಯಿಯ ಮೂಲೆಯಲ್ಲಿ ಎಂಜಲು ನಿಂತು, ಚರ್ಮ ನೆನೆದು ಬಿರಿಯುತ್ತದೆ. ಅಲ್ಲಿ ಫಂಗಸ್ ಅಥವಾ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಹಲ್ಲಿನ ಸೆಟ್ ಸರಿಯಾಗಿ ಕೂರದ ಹಿರಿಯರಲ್ಲಿ ಹೆಚ್ಚು. ಕಬ್ಬಿಣದ ಅಂಶ ಅಥವಾ ಬಿ ವಿಟಮಿನ್ ಕಮ್ಮಿ ಇದ್ದರೂ ಬರುತ್ತದೆ, ಡಯಾಬಿಟೀಸ್ ಇದ್ದವರಲ್ಲೂ ನೋಡುತ್ತೇವೆ. ಎರಡೂ ಮೂಲೆಯಲ್ಲಿ ಒಟ್ಟಿಗೆ ಇದ್ದರೆ ಸಾಮಾನ್ಯವಾಗಿ ಇದೇ. ಇನ್ನು ಕೆನ್ನೆಯ ಒಳಗೆ, ನಾಲಿಗೆ ಮೇಲೆ ಬಿಳಿ ನಡು, ಕೆಂಪು ಅಂಚಿನ ಹುಣ್ಣು ಬಂದರೆ ಅದು ಮಾಮೂಲಿ ಬಾಯಿ ಹುಣ್ಣು, ಅದು ಅಂಟುವುದಿಲ್ಲ.

ಹಿರಿಯರ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದವರ ಕೆಳತುಟಿ ಸದಾ ಒರಟಾಗಿ, ಬಿಳಿಚಿದ ಹಾಗೆ, ತುಟಿಯ ಅಂಚು ಮಸುಕಾದ ಹಾಗೆ ಕಾಣುತ್ತಿದ್ದರೆ, ಯಾವ ಜೆಲ್ಲಿಗೂ ಬಗ್ಗದಿದ್ದರೆ, ಒಣ ತುಟಿ ಅಂತ ಬಿಡಬೇಡಿ. ಬಿಸಿಲಿನಿಂದ ಆದ ಹಾನಿ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಮೂರು ವಾರದಲ್ಲಿ ಮಾಯದ ಯಾವುದೇ ತುಟಿ ಹುಣ್ಣನ್ನು ಡಾಕ್ಟರ್ ನೋಡಲೇಬೇಕು.

ಮುಂಜಾವು

ಪ್ಯಾಚ್ ಅಂದಿರಲ್ಲ ಸರ್, ಅದು ನಿಜವಾಗಿ ಉಪಯೋಗ ಇದೆಯಾ?

ಔಷಧಿಪೆಟ್ಟಿಗೆ

ಹೈಡ್ರೋಕೊಲಾಯ್ಡ್ ಪ್ಯಾಚ್ ಅಂತ ಸಿಗುತ್ತದೆ. ವೈರಸ್ ಕೊಲ್ಲುವುದಿಲ್ಲ. ಆದರೆ ಗಾಯವನ್ನು ಪಸೆಯಾಗಿಡುತ್ತದೆ, ಹಕ್ಕಳೆ ಬಿರಿಯುವುದನ್ನು ತಡೆಯುತ್ತದೆ, ನೀವು ಸುಮ್ನೆ ಸುಮ್ನೆ ಮುಟ್ಟುವುದೂ ನಿಲ್ಲುತ್ತದೆ. ಕೀಳುವಾಗ ಬಿಸಿನೀರಿನ ಬಟ್ಟೆಯಿಂದ ನೆನೆಸಿ ಬಿಡಿಸಿ.

ತಂಗಾಳಿ

ಕೊನೆಯದಾಗಿ ಒಂದು. ಗುಳ್ಳೆ ಇದ್ದಾಗ ಬಳಸಿದ ಲಿಪ್ ಬಾಮ್ ಸ್ಟಿಕ್ ಇಟ್ಟುಕೊಳ್ಳಬಹುದಾ? ನನ್ನ ತಂಗಿ ಆಗಾಗ ಅದನ್ನೇ ಹಚ್ಚಿಕೊಳ್ಳುತ್ತಾಳೆ.

ಔಷಧಿಪೆಟ್ಟಿಗೆ

ಗುಳ್ಳೆಗೆ ತಾಗಿದ ಸ್ಟಿಕ್ ಬಿಸಾಡಿ. ತಂಗಿಗೆ ಬೇರೆಯದೇ ತೆಗೆದುಕೊಡಿ, ಗುಳ್ಳೆ ಇರಲಿ ಬಿಡಲಿ ಅದನ್ನು ಹಂಚಿಕೊಳ್ಳುವುದು ಬೇಡ. ಟವೆಲ್, ಲೋಟ, ಚಮಚ, ರೇಜರ್ ಕೂಡ ಆ ದಿನಗಳಲ್ಲಿ ಬೇರೆ ಇರಲಿ. ಮುಂದಿನ ಸಲ ಹಿಂಡುವ ಟ್ಯೂಬ್ ತೆಗೆದುಕೊಳ್ಳಿ, ಗುಳ್ಳೆ ಇರುವಾಗ ಹತ್ತಿ ಕಡ್ಡಿಯ ತುದಿಗೆ ಸ್ವಲ್ಪ ಹಿಂಡಿಕೊಂಡು ಹಚ್ಚಿ, ಕಡ್ಡಿ ಎಸೆಯಿರಿ. ಒಮ್ಮೆ ತುಟಿಗೆ ತಾಗಿದ ಕಡ್ಡಿಯನ್ನು ಮತ್ತೆ ಟ್ಯೂಬಿನ ಬಾಯಿಗೆ ಮುಟ್ಟಿಸಬೇಡಿ.